ಉರಿ ತಿಳಿದ ಕಾಲು

ಹುಕ್ಕೇರಿಯ ದನದ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ ಗುರುಲಿಂಗಪ್ಪನ ಎಡಗೈ ಮೊಣಕೈಯ ಕೆಳಗೆ ಕುಡಗೋಲಿನ ಹಾಗೆ ಹೊರಳಿತ್ತು. ಹೋರಿ ಹಾಯ್ದಿತೋ ಚಕ್ಕಡಿ ಉರುಳಿತೋ ಎಂದು ಹೊಸ ಗಿರಾಕಿಗಳು ಕೇಳಿದರೆ, ಎತ್ತಿನ ಹಲ್ಲು ನೋಡುತ್ತಿದ್ದವನು ಅದರ ಬಾಯಿಂದ ಬಲಗೈ ತೆಗೆಯದೆಯೇ ಹೇಳುತ್ತಿದ್ದ.

"ನಮ್ಮಣ್ಣ ಕೊಟ್ಟದ್ದರಿ. ಹಿರೇರ ಆಸ್ತಿ ವಾಟ್ನಿ ಆದಾಗ ನನ್ನ ಪಾಲಿಗಿ ಬಂತು."

ಗಿರಾಕಿಗಳು ನಗುತ್ತಿದ್ದರು. ಗುರುಲಿಂಗಪ್ಪ ನಗುತ್ತಿರಲಿಲ್ಲ. ಅವನಿಗೆ ಕೈಯ ಚಿಂತೆ ಇರಲಿಲ್ಲ, ಹೆಸರಿನ ಚಿಂತೆ ಇತ್ತು. ಕಲ್ಲೋಳಿಯ ಆಚೆ ಹಳ್ಳದ ದಂಡೆಗೆ ಇರುವ ತೋಟಪಟ್ಟಿಯಲ್ಲಿ, ಅವನು ಹುಟ್ಟಿ ಬೆಳೆದ ನೆಲದಲ್ಲಿ, ಅವನನ್ನು ಒಡಹುಟ್ಟಿದ ಅಣ್ಣನ ಕಬ್ಬಿಗೆ ಬೆಂಕಿ ಹಚ್ಚಿದವನೆಂದು ಕರೆಯುತ್ತಿದ್ದರು. ದೇವರೇ ಹಾಗೆ ಹೇಳಿದ್ದಾನೆಂದು ನಂಬಿದ್ದರು. ಅದು ಸುಳ್ಳೆಂಬ ಮಾತನ್ನು ಅದೇ ಜನರ ಬಾಯಿಂದ ಕೇಳಿಯೇ ಸಾಯಬೇಕೆಂಬ ಹಟ ಅವನದು.

ಅವರದು ಮಾತಿಗಿಂತ ಮೊದಲು ಕೈ ಎತ್ತುವ ಮನೆತನ. ಅಪ್ಪ ಸಿದರಾಯಪ್ಪನಿಗೆ ಸಿಟ್ಟು ಬಂದರೆ ಮಿಣಿಯೋ ಬಾರಕೋಲೋ ನೊಗದ ಗೂಟವೋ, ಕೈಗೆ ಸಿಕ್ಕದ್ದೇ ಬೀಸುತ್ತಿದ್ದ. ಐವತ್ತು ತುಂಬುವ ಮೊದಲೇ ಅವನ ಕಣ್ಣು ಹೋದವು. ಬಲಗಾಲಿನ ಹೆಬ್ಬೆರಳು ಕರ್ರಗಾಗಿ ಕೊಳೆ ಮೇಲೇರಿತು. ಕುರುಡನಾಗಿ ಹೊರಸು ಹಿಡಿದ ಮೇಲೂ ಹೆಂಡತಿಯ ಬಳೆಯ ಸಪ್ಪಳ ಕೇಳಿ ತಂಬಿಗೆ ಎಸೆಯುತ್ತಿದ್ದ, ಗುರಿ ತಪ್ಪುತ್ತಿರಲಿಲ್ಲ. ಹೆಂಡತಿ ಲಕ್ಕವ್ವ ಬಳೆಗಳನ್ನು ಮೊಣಕೈವರೆಗೆ ಏರಿಸಿ ಅರಿವೆ ಸುತ್ತಿ ಬೆಕ್ಕಿನ ಹಾಗೆ ಓಡಾಡುವುದನ್ನು ಕಲಿತಳು. ಅವನು ಸತ್ತಾಗ ಕಾಲಿಗೆ ಹುಳ ಬಿದ್ದು ಸತ್ತ ಎಂದರು. ಸಕ್ಕರೆ ಬೇನೆ ಎಂಬ ಹೆಸರು ಆಗಿನ್ನೂ ಆ ಕಡೆಗೆ ಬಂದಿರಲಿಲ್ಲ.

ಹಿರಿಯ ಮಗ ಪರಪ್ಪ ಅಪ್ಪನದೇ ಅಚ್ಚು. ಅದೇ ಅಗಲ ಹಣೆ, ಅದೇ ಕಂಬದಂಥ ಕಾಲು, ಅದೇ ಮುಷ್ಟಿ. ಕಿರಿಯ ಗುರುಲಿಂಗಪ್ಪ ಅವ್ವನ ಹಾಗೆ ಸಣ್ಣ ಎಲುಬಿನವನು. ಸಣ್ಣ ಎಲುಬಿನವನೆಂದು ಕೈ ಕಟ್ಟಿ ನಿಲ್ಲುವವನಲ್ಲ. ಅಣ್ಣ ಒಂದು ಕೊಟ್ಟರೆ ಇವನು ಅರ್ಧವಾದರೂ ತಿರುಗಿ ಕೊಡುತ್ತಿದ್ದ. ಆಸ್ತಿ ಹಂಚುವಾಗ ಚೀಟಿ ಎತ್ತಿಸಿದರು. ಬಾವಿ, ಎರಿ ಹೊಲ, ಬೆಲ್ಲ ಮಾಡುವ ಗಾಣದ ಮನೆ ಪರಪ್ಪನ ಪಾಲಿಗೆ ಬಂದವು. ಅರಭಾವಿ ದಾರಿಯ ಕಡೆಗಿದ್ದ ಕಲ್ಲು ತುಂಬಿದ ಮಸಾರಿ ನೆಲ ಗುರುಲಿಂಗಪ್ಪನಿಗೆ ಬಂತು. ಯಾರೂ ಮೋಸ ಮಾಡಿರಲಿಲ್ಲ, ಚೀಟಿ ಹಾಗೆ ಬಂದಿತ್ತು. ಆದರೂ ಪ್ರತಿ ಮಳೆಗಾಲ ಬದುವಿನ ಮೇಲೆ ನಿಂತು ಅಣ್ಣತಮ್ಮಂದಿರು ಒಬ್ಬರ ತಲೆ ಒಬ್ಬರು ಒಡೆದುಕೊಳ್ಳುತ್ತಿದ್ದರು. ಅವ್ವ ಲಕ್ಕವ್ವ ಇಬ್ಬರಿಗೂ ಅರಿಸಿನ ಹಚ್ಚುತ್ತಿದ್ದಳು, ಇಬ್ಬರನ್ನೂ ಬೈಯುತ್ತಿದ್ದಳು.

ತೊಂಬತ್ತನೆಯ ಇಸವಿಯಲ್ಲಿ ಗೋಕಾಕದಲ್ಲಿ ಪುಕ್ಕಟೆ ತಪಾಸಣೆ ಇದೆಯೆಂದು ತೋಟಪಟ್ಟಿಯವರೆಲ್ಲ ಟ್ರ್ಯಾಕ್ಟರ್ ಹತ್ತಿ ಹೋದರು. ಪರಪ್ಪ, ಗುರುಲಿಂಗಪ್ಪ, ಲಕ್ಕವ್ವ ಮೂವರಿಗೂ ಸಕ್ಕರೆ ಬೇನೆ ಎಂದರು. ಪರಪ್ಪ ಡಾಕ್ಟರನನ್ನೇ ಜಬರಿಸಿದ.

"ಬೆಲ್ಲ ಮಾಡಾಂವಗ ಸಕ್ಕರಿ ಹ್ಯಾಂಗ ಬರತೈತ್ರಿ? ಬಂದ್ರ ಫ್ಯಾಕ್ಟರಿಯವ್ರಿಗಿ ಬರಲಿ."

ಇಬ್ಬರೂ ಅದೇ ಗುಳಿಗೆ ತಂದರು. ಇಬ್ಬರೂ ನೆನಪಾದಾಗ ನುಂಗಿದರು, ನೆನಪಾಗದಾಗ ಬಿಟ್ಟರು. ಪರಪ್ಪ ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲವನ್ನು ಬೆರಳಿನಿಂದ ಬಳಿದು ತಿನ್ನುವುದನ್ನು ಬಿಡಲಿಲ್ಲ. ಗುರುಲಿಂಗಪ್ಪ ಐದಾರು ಸಲ ಚಹಾ ಕುಡಿಯುವುದನ್ನು ಬಿಡಲಿಲ್ಲ.

ಮುಂದೊಂದು ದಿನ ಸಂತೆಯಿಂದ ಬರುವಾಗ ಪರಪ್ಪನ ಒಂದು ಚಪ್ಪಲಿ ದಾರಿಯಲ್ಲೇ ಬಿದ್ದು ಉಳಿಯಿತು. ಅವನು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿಗಾಲು ಹಾಗೆಯೇ ನಡೆದು ಬಂದ. ಹಿಂದೆ ಬರುತ್ತಿದ್ದ ಗುರುಲಿಂಗಪ್ಪ ಚಪ್ಪಲಿ ಎತ್ತಿಕೊಂಡು ಕೂಗಿದ.

"ಯಣ್ಣಾ, ನಿನ್ನ ಚಪ್ಪಲಿ ನಿನ್ನ ಬಿಟ್ಟು ಹೊಂಟೈತಿ. ಹಗಲಾಗ ಕುಡದೀಯೇನು?"

"ನನ್ನ ಕಾಲಿಗಿ ಚಪ್ಪಲಿ ಬೇಕಾಗಿಲ್ಲೋ. ನಿಂದ ಹೆಂಗಸರ ಕಾಲು, ನೀ ಹಾಕ್ಕೋ."

ಅದನ್ನು ಇಬ್ಬರೂ ಅಲ್ಲಿಗೇ ಮರೆತರು.

ತೊಂಬತ್ತೈದರ ಸುಗ್ಗಿಯಲ್ಲಿ, ನಡುಮಧ್ಯಾಹ್ನ, ಪರಪ್ಪನ ನಿಂತ ಕಬ್ಬು ಹೊತ್ತಿತು. ಗಾಳಿ ಬೀಸುತ್ತಿತ್ತು. ಒಣಗಿದ ಗರಿಯ ರವದಿ ಚಟಚಟ ಸಿಡಿಯುತ್ತ ಬೆಂಕಿ ಬದುವಿನಿಂದ ಬದುವಿಗೆ ಓಡಿತು. ಕಬ್ಬಿನೊಳಗಿಂದ ಹಂದಿಗಳು ಮೈಗೆ ಕಿಡಿ ಹತ್ತಿಸಿಕೊಂಡು ಹೊರಬಿದ್ದು ಹಳ್ಳಕ್ಕೆ ಹಾರಿದವು. ಗಾಣದ ಒಲೆಯ ಕಿಡಿಯೋ ಯಾರಾದರೂ ಎಸೆದ ಬೀಡಿಯೋ, ಇಂದಿಗೂ ಯಾರಿಗೂ ತಿಳಿಯದು. ಪರಪ್ಪನಿಗೆ ಮಾತ್ರ ಆಗಲೇ ತಿಳಿದಿತ್ತು. ವಾರದ ಹಿಂದಷ್ಟೇ ಬದುವಿನ ಜಗಳದಲ್ಲಿ ತಮ್ಮ "ನಿನ್ನ ಕಬ್ಬು ಸುಟ್ಟು ಬೂದಿ ಆಗಲಿ" ಎಂದಿದ್ದ.

ಪರಪ್ಪ ಕೊಡಲಿಯ ಕಾವು ಹಿಡಿದು ಬಂದಾಗ ಗುರುಲಿಂಗಪ್ಪ ಎಮ್ಮೆ ಹಿಂಡುತ್ತಿದ್ದ. ಮೊದಲ ಏಟು ಬೆನ್ನಿಗೆ ಬಿತ್ತು, ಹಾಲಿನ ಬೋಗುಣಿ ಉರುಳಿತು. ಎರಡನೆಯ ಏಟಿಗೆ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ಗುರುಲಿಂಗಪ್ಪ ನೆಲದಿಂದಲೇ ಅಣ್ಣನ ತೊಡೆ ಕಚ್ಚಿ ಹಿಡಿದ. ಒಳಗಿಂದ ಅವನ ಹೆಂಡತಿ ಶೋಭಾ ಬಂದವಳು ಒಂದು ಹಿಡಿ ಖಾರದ ಪುಡಿಯನ್ನು ಭಾವನ ಮುಖಕ್ಕೆ ಎರಚಿ, "ಈಗ ಹೊಡೀರಿ ಭಾವಾರ, ಕಣ್ಣು ತಗದು ಹೊಡೀರಿ" ಎಂದಳು. ಪರಪ್ಪ ಕಣ್ಣು ಮುಚ್ಚಿಕೊಂಡೇ ಬಡಿಗೆ ಬೀಸಿದ. ಅಪ್ಪನ ಹಾಗೆಯೇ ಅವನದೂ ಗುರಿ ತಪ್ಪಲಿಲ್ಲ.

ಹತ್ತು ಜನ ಸೇರಿ ಬಿಡಿಸಿದರು. ತೋಟಪಟ್ಟಿಯ ಹಿರಿಯ ಮಾಲಿಂಗಪ್ಪ ಇಬ್ಬರ ನಡುವೆ ಕೋಲು ಊರಿ ಕುಳಿತು ಹೇಳಿದ.

"ಹಚ್ಚೇನಿ ಅಂತ ಅಂವ ಅನ್ನೂದಿಲ್ಲ, ಹಚ್ಚಿಲ್ಲ ಅಂತ ನೀ ನಂಬೂದಿಲ್ಲ. ಮುಂದಿನ ಅಮಾಸಿಗಿ ವೀರಭದ್ರನ ಅಗ್ಗಿ ಐತಿ. ಇಬ್ಬರೂ ಕೆಂಡ ಹಾಯ್ರಿ. ಯಾರ ಕಾಲು ಉರೀತೈತಿ ಅಂವ ಸುಳ್ಳಾಂವ. ಅವತ್ತಿಗಿ ಮಾತು ಮುಗೀತು."

"ನಾ ತಯಾರದೇನಿ," ಎಂದ ಗುರುಲಿಂಗಪ್ಪ. ತಪ್ಪು ಮಾಡದವನಿಗೆ ಹೆದರಿಕೆ ಯಾತರದು ಎಂದೇ ಅವನು ನಂಬಿದ್ದ.

ಆ ಹೊತ್ತಿನಲ್ಲಿ ಪರಪ್ಪನ ಹೆಂಡತಿ ಕಾಡವ್ವ ಜನರ ಹಿಂದಿನಿಂದ ಏನೋ ಹೇಳಲು ಬಾಯಿ ತೆರೆದಳು. ಪರಪ್ಪ ತಿರುಗಿ ಕೆನ್ನೆಗೆ ಬಿಟ್ಟ. ಅವಳ ತುಟಿ ಒಡೆಯಿತು, ಮಾತು ಒಳಗೇ ಉಳಿಯಿತು.

ಅಗ್ಗಿಯ ದಿನ ಗುಡಿಯ ಮುಂದೆ ಉದ್ದನೆಯ ಕುಣಿ ತೋಡಿ ಜಾಲಿಯ ಕೊರಡು ಸುಟ್ಟು ಕೆಂಡ ಹಾಸಿದ್ದರು. ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ನಡುಗುತ್ತಿತ್ತು. ಅಣ್ಣತಮ್ಮಂದಿರಿಬ್ಬರೂ ಮಿಂದು ಒದ್ದೆ ಧೋತರದಲ್ಲಿ ನಿಂತರು. ಪರಪ್ಪ ಮೊದಲು ಇಳಿದ. ಓಡಲಿಲ್ಲ. ಹೊಲದಲ್ಲಿ ನೀರು ತಿರುವಲು ಹೋಗುವವನ ಹಾಗೆ ಹೆಜ್ಜೆ ಹಾಕಿ ನಟ್ಟನಡುವೆ ನಿಂತ. ಎದೆಯ ಮೇಲೆ ಕೈ ಕಟ್ಟಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಮುಖದಲ್ಲಿ ಒಂದು ಗೆರೆ ಅಲುಗದೆ ಆಚೆ ದಂಡೆ ಹತ್ತಿದ. ಹೆಂಗಸರು ನೆಲಕ್ಕೆ ಬಿದ್ದು ಅವನ ಪಾದಕ್ಕೆ ಹಣೆ ಹಚ್ಚಿದರು.

ಗುರುಲಿಂಗಪ್ಪ ಇಳಿದ. ಎರಡನೆಯ ಹೆಜ್ಜೆಗೇ ಉರಿ ಅಂಗಾಲಿನಿಂದ ನೆತ್ತಿಗೆ ಹೊಡೆಯಿತು. ತಪ್ಪು ಮಾಡಿಲ್ಲ, ಮಾಡಿಲ್ಲ ಎಂದು ಹಲ್ಲು ಕಚ್ಚಿದ. ನಡುವೆ ಬಂದಾಗ ಹಲ್ಲು ತೆರೆದವು. "ಯವ್ವಾ" ಎಂದು ಒದರಿ ಓಡಿದ, ಅಂಚಿಗೆ ಬಿದ್ದ, ಮೊಣಕಾಲಲ್ಲಿ ತೆವಳಿ ಹೊರಬಂದ. ಅಂಗಾಲ ತೊಗಲು ಹಪ್ಪಳದ ಹಾಗೆ ಎದ್ದಿತ್ತು.

ಪರಪ್ಪ ಕೆಂಡ ಕೆದಕುವ ಬಡಿಗೆ ಎತ್ತಿಕೊಂಡ. ಗುರುಲಿಂಗಪ್ಪ ತಲೆಗೆ ಅಡ್ಡ ಎಡಗೈ ಹಿಡಿದ. ಹಸಿ ಕಬ್ಬು ಮುರಿದ ಸಪ್ಪಳವಾಯಿತು. ಅದೇ ಜಾಗಕ್ಕೆ ಮತ್ತೊಂದು ಬಿತ್ತು. ಬದುವಿನ ಜಗಳಕ್ಕೆ ಓಡಿಬಂದು ಬಿಡಿಸುತ್ತಿದ್ದ ಮಂದಿಯೇ ಸುತ್ತ ನಿಂತಿದ್ದರು. ದೇವರು ತೀರ್ಪು ಕೊಟ್ಟ ಮೇಲೆ ಬಿಡಿಸಲು ಒಬ್ಬರೂ ಬರಲಿಲ್ಲ. ಶೋಭಾ ಒಬ್ಬಳೇ ಗಂಡನ ಮೇಲೆ ಅಡ್ಡ ಬಿದ್ದಳು, ಮೂರನೆಯ ಏಟನ್ನು ಅವಳ ಬೆನ್ನು ತಿಂದಿತು. ಅಂದೇ ಅವರ ಪಾತ್ರೆಪಗಡ ಹಳ್ಳಕ್ಕೆ ಬಿದ್ದವು. ಲಕ್ಕವ್ವ ಇಬ್ಬರು ಮಕ್ಕಳ ನಡುವೆ ನಿಂತು ಎದೆ ಬಡಿದುಕೊಂಡಳು. ಗಂಡಹೆಂಡತಿ ಹುಕ್ಕೇರಿಯ ಬಸ್ಸು ಹತ್ತಿ ಶೋಭಾಳ ತವರಿಗೆ ಹೋದರು. ಅಲ್ಲಿ ಒಬ್ಬ ಎಲುಬು ಕಟ್ಟುವವನು ಕೈ ಕಟ್ಟಿದ; ಅದು ಸೊಟ್ಟಗೆ ಕೂಡಿಕೊಂಡಿತು.

ಹುಕ್ಕೇರಿಯಲ್ಲಿ ಅವನು ದನದ ಪೇಟೆಗೆ ಬಿದ್ದ. ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುರಿಯಲು ಒಂದು ಕೈ ಸಾಕು. ಒಂದೇ ಹಸುವಿನ ಎರಡು ಕರು ಎದುರಿಗೆ ನಿಂತರೆ ಯಾವುದು ಕಾಲು ಸೋಲುತ್ತದೆ, ಯಾವುದು ಬಾಳುತ್ತದೆ ಎಂದು ಹೇಳುವ ಕಣ್ಣು ಬಂತು. ರೊಟ್ಟಿ ಹುಟ್ಟಿತು. ಆದರೆ ಕಾಲು ತೊಳೆಯುವಾಗೆಲ್ಲ ಅಂಗಾಲ ಕಲೆ ನೋಡುತ್ತ ಕೂಡುತ್ತಿದ್ದ. ಸುಟ್ಟು ಬೂದಿಯಾಗಲಿ ಎಂದು ಬಾಯಲ್ಲಿ ಅಂದದ್ದನ್ನೇ ದೇವರು ಹಿಡಿದನೇ? ಅಂದವನೂ ಹಚ್ಚಿದವನೂ ಒಂದೇ ಆಗಿಬಿಟ್ಟರೆ? ಶೋಭಾ ಚೆಂಬು ಕಸಿದುಕೊಂಡು, "ಕಾಲು ತೊಳಕೊಂಡು ಒಳಗ ಬರ್ರಿ. ಅವನ್ನ ಎಷ್ಟು ದಿಟ್ಟಿಸಿದ್ರೂ ಮಾತಾಡೂದಿಲ್ಲ," ಎನ್ನುತ್ತಿದ್ದಳು.

ಊರ ಸುದ್ದಿ ತಾನಾಗಿ ಬರುತ್ತಿತ್ತು. ಅಗ್ಗಿ ಹಾಯ್ದ ಪರಪ್ಪನ ಅಂಗಾಲೂ ಸುಟ್ಟಿತ್ತಂತೆ. ನೋವಿಲ್ಲವೆಂದು ಅವನು ಅದೇ ಕಾಲಲ್ಲಿ ಗಾಣ ನಡೆಸಿದನಂತೆ, ಕೆಸರು ತುಳಿದನಂತೆ. ಎಡಗಾಲು ಕೀವು ಹಿಡಿದು ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲ ಕೆಳಗಿನದೆಲ್ಲ ದೊಡ್ಡ ದವಾಖಾನೆಯಲ್ಲಿ ಕತ್ತರಿಸಿದರಂತೆ. ಬಲಗಾಲು ಹೇಗೋ ಉಳಿಯಿತಂತೆ. ದೇವರು ಕಾಯ್ದ ಕಾಲು ಕೊಳೆಯಿತು ಎಂದು ಯಾರೂ ಅನ್ನಲಿಲ್ಲ. ತಮ್ಮ ಮಾಟ ಮಾಡಿಸಿದ ಎಂದರು.

ಮೂರು ವರ್ಷದ ಮೇಲೆ ಒಂದು ಪೇಟೆಯ ದಿನ ಪರಪ್ಪ ಬಗಲಗೋಲು ಊರುತ್ತ ದನಗಳ ನಡುವೆ ನುಗ್ಗಿ ಬಂದ. ಬೆರಳು ಹಿಡಿದು ವ್ಯಾಪಾರಕ್ಕೆ ಕುಳಿತಿದ್ದ ತಮ್ಮನ ತಲೆಗೆ ಹಿಂದಿನಿಂದ ಬಗಲಗೋಲನ್ನೇ ಬೀಸಿದ. ಕೋಲು ಬಿಟ್ಟ ಕೂಡಲೇ ತಾನೂ ಬಿದ್ದ. ಇಬ್ಬರೂ ಸಗಣಿಯಲ್ಲಿ ಉರುಳಾಡಿದರು.

"ನನ್ನ ಕಾಲು ತಿಂದಿ ನೀ. ಇನ್ನೊಂದನ್ನೂ ತಿಂತೀಯೇನು?"

"ನಿನ್ನ ಕಾಲು ನಾಯಿನೂ ಮೂಸೂದಿಲ್ಲ."

ಗಿರಾಕಿಗಳು ಪರಪ್ಪನನ್ನು ಎತ್ತಿ ಬಸ್ಸಿಗೆ ಹಾಕಿದರು. ಗುರುಲಿಂಗಪ್ಪನ ತಲೆಗೆ ಹೊಲಿಗೆ ಬಿತ್ತು. ಮರು ವರ್ಷ ಲಕ್ಕವ್ವ ಎಂಬತ್ತರ ಹತ್ತಿರ ಬಂದು, ಕೊನೆಯ ದಿನದವರೆಗೂ ಬರಿಗಾಲಲ್ಲಿ ಹೊಲಕ್ಕೆ ಹೋಗಿ, ಮಲಗಿದಲ್ಲೇ ತೀರಿದಳು. ಮಣ್ಣಿಗೆ ಬಂದ ಗುರುಲಿಂಗಪ್ಪನನ್ನು ತೋಟಪಟ್ಟಿಯ ಅಂಚಿನಲ್ಲೇ ಕಲ್ಲು ಹಿಡಿದು ತಡೆದರು. ಅವನು ಅವ್ವನ ಮುಖ ನೋಡಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಹುಕ್ಕೇರಿಗೆ ಒಬ್ಬ ಡಾಕ್ಟರಬಾಯಿ ಬಂದಳು. ಅಂಕಲಗಿಯ ಜೈನರ ಮಗಳು, ತ್ರಿಶಲಾ ಎಂದು ಹೆಸರು. ಸಕ್ಕರೆ ಬೇನೆ ಇದ್ದವರ ಕಾಲು ನೋಡುತ್ತಿದ್ದಳು. ಶೋಭಾ ನೂಕಿದ್ದಕ್ಕೆ ಗುರುಲಿಂಗಪ್ಪ ಹೋದ. ಅವಳು ಅವನಿಗೆ ಕಣ್ಣು ಮುಚ್ಚಲು ಹೇಳಿ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿದಳು.

"ಕಚಗುಳಿ ಆಗತೈತ್ರಿ ಅಕ್ಕಾರ."

"ಎಲ್ಲಾ ಕಡೆ ಗೊತ್ತಾಗತೈತೇನ್ರಿ?"

"ಗೊತ್ತಾಗತೈತ್ರಿ. ನನ್ನ ಕಾಲಿಗಿ ಎಲ್ಲಾ ಜಾಸ್ತಿನ ಗೊತ್ತಾಗತೈತಿ. ಅದಕ್ಕ ಊರು ಬಿಟ್ಟೇನಿ."

ಬೇನೆ ಬಂದು ಹದಿನಾಲ್ಕು ವರ್ಷ, ಗುಳಿಗೆ ನೆನಪಾದಾಗ ಎಂದು ಕೇಳಿ ಅವಳು ಅವನ ಕಾಲನ್ನು ಮತ್ತೊಮ್ಮೆ ನೋಡಿದಳು. ಒಡಹುಟ್ಟಿದವರು ಇದ್ದಾರೆಯೇ ಎಂದಳು.

"ಒಬ್ಬ ಅಣ್ಣ ಅದಾನ್ರಿ. ಅಂವಗ ಒಂದು ಕಾಲಿಲ್ಲ, ನನಗ ಒಂದು ಕೈ ಇಲ್ಲ. ಇಬ್ಬರನ್ನೂ ಕೂಡಿಸಿದ್ರ ಒಂದೂವರಿ ಮನಷ್ಯಾ ಆಗತೇವಿ."

ಅವಳು ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿ ಹೇಳಿದಳು. ಒಂದೇ ಮನೆಯಲ್ಲಿ ಒಂದೇ ಬೇನೆ ಇದ್ದರೂ ಒಬ್ಬರ ಕಾಲು, ಕಣ್ಣು, ಮೂತ್ರಪಿಂಡ ಹಾಳಾಗುತ್ತವೆ, ಇನ್ನೊಬ್ಬರವು ಉಳಿಯುತ್ತವೆ, ಯಾಕೆ ಎಂದು ತಾವು ಕೆಲವರು ಹುಡುಕುತ್ತಿದ್ದೇವೆ, ಅಣ್ಣತಮ್ಮ ಇಬ್ಬರ ರಕ್ತವೂ ಬೇಕು, ಮೂಡಲಗಿಯಲ್ಲಿ ನಡೆಯುವ ತಪಾಸಣೆಗೆ ಬರಬೇಕು.

"ಒಬ್ಬನ ಕಾಲು ಉರದು ಒಬ್ಬನ ಕಾಲು ಯಾಕ ಉರೀಲಿಲ್ಲ ಅಂತ ನಾನೂ ಹುಡುಕಾಕತ್ತೇನ್ರಿ ಅಕ್ಕಾರ," ಎಂದ ಗುರುಲಿಂಗಪ್ಪ. "ಬರತೇನಿ."

ಮೂಡಲಗಿಯ ಒಂದು ಕಲ್ಯಾಣಮಂಟಪದಲ್ಲಿ ಬೆಂಚು ಹಾಕಿದ್ದರು. ಬಸವಣ್ಣನ ಫೋಟೋದ ಮುಂದೆ ಊದಿನಕಡ್ಡಿಯ ಒಂದು ಕಟ್ಟೇ ಹೊಗೆಯಾಡುತ್ತಿತ್ತು. ಪರಪ್ಪನನ್ನು ಉಳಿದ ಕಾಲು ತೋರಿಸಲೆಂದು ಕಾಡವ್ವ ಕರೆತಂದಿದ್ದಳು. ತಾನೂ ಸಕ್ಕರೆಯವನೆಂದು ಹಿರಿಯ ಮಾಲಿಂಗಪ್ಪನೂ ತೋಟಪಟ್ಟಿಯ ನಾಲ್ಕಾರು ಜನರೂ ಬಂದಿದ್ದರು. ತಮ್ಮನನ್ನು ಕಂಡ ಕೂಡಲೇ ಪರಪ್ಪ ಎದ್ದ. ಕಾಡವ್ವ ಬಗಲಗೋಲನ್ನು ಹಿಂದೆ ಎಳೆದು ಇಟ್ಟುಕೊಂಡಳು. ಇಬ್ಬರ ರಕ್ತವನ್ನೂ ಗಾಜಿನ ನಳಿಗೆಗಳಲ್ಲಿ ತೆಗೆದು ಒಂದೇ ಸ್ಟ್ಯಾಂಡಿನಲ್ಲಿ ಇಟ್ಟರು.

ಆಮೇಲೆ ತ್ರಿಶಲಾ ಪರಪ್ಪನ ಉಳಿದ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು.

"ಕಣ್ಣು ಮುಚ್ಚರಿ ಕಾಕಾ. ಮುಟ್ಟಿದಾಗ ಹೂಂ ಅನ್ರಿ."

ಅವನು ಕಣ್ಣು ಮುಚ್ಚಿದ. ಅವಳು ಹೆಬ್ಬೆರಳಿಗೆ ಎಳೆ ಒತ್ತಿದಳು. ಹಿಮ್ಮಡಕ್ಕೆ ಒತ್ತಿದಳು. ಅಂಗಾಲ ತುಂಬ ಒತ್ತಿ ಮುಗಿಸಿದಳು. ಎಳೆ ಬಾಗಿ ಬಾಗಿ ಎದ್ದಿತು. ಪರಪ್ಪ ಸುಮ್ಮನೆ ಕುಳಿತಿದ್ದ. ಕೊನೆಗೆ ಬೇಸರಪಟ್ಟು ಕೇಳಿದ.

"ಇನ್ನೂ ಸುರು ಮಾಡಿಲ್ಲೇನ್ರಿ?"

ಗುರುಲಿಂಗಪ್ಪ ಆ ಕಾಲನ್ನೇ ನೋಡುತ್ತ ನಿಂತಿದ್ದ. ಅವನ ಅಂಗಾಲಿನಲ್ಲಿ ಹಳೆಯ ಉರಿ ಎದ್ದು ಮೇಲೇರಿತು. ಕೇಳಿದ.

"ಅಕ್ಕಾರ, ಒಂಬತ್ತು ವರ್ಷದ ಹಿಂದನೂ ಇದು ಹಿಂಗ ಇತ್ತೇನ್ರಿ?"

"ಇದ್ದಿರಬೌದ್ರಿ. ನರ ಸಾಯೂದು ಮೆಲ್ಲಕ. ಗೊತ್ತ ಆಗೂದಿಲ್ಲ."

"ಇತ್ತು," ಎಂದಳು ಕಾಡವ್ವ. ಅವಳು ಯಾರನ್ನೂ ನೋಡದೆ ಹೇಳಿದಳು. "ಅಗ್ಗಿಗಿಂತ ಮೊದಲ ಗಾಣದ ಒಲಿ ಮುಂದ ಕೆಂಡ ಕಾಲಿಗಿ ಹತ್ತಿ ಹೊಗಿ ಏಳಾಕತ್ತಿತ್ತು. ಇವರು ನಿಂತು ಬೆಲ್ಲ ತಿರುವಾಕತ್ತಿದ್ರು. ಹೇಳಾಕ ಬಂದ್ರ ಬಾಯಿ ಒಡದ್ರು. ಆಮ್ಯಾಲ ಯಾರೂ ನನ್ನ ಕೇಳಲಿಲ್ಲ."

ಡಾಕ್ಟರಬಾಯಿಗೆ ಅಗ್ಗಿಯ ಕತೆ ತಿಳಿಯದು. ಅವಳು ತನ್ನ ಕೆಲಸದ ಮಾತು ಮುಂದುವರಿಸಿದಳು.

"ಸಕ್ಕರಿ ಹಿಡಿತದಾಗ ಇಟ್ಟಿಲ್ಲ, ಅದೂ ಒಂದು ಕಾರಣ. ಆದ್ರ ಇಬ್ಬರೂ ಇಟ್ಟಿಲ್ಲ. ಕಾಕಾ, ನಿಮ್ಮ ತಮ್ಮನ ರಕ್ತದಾಗ ಹುಟ್ಟಿನಿಂದ ಬಂದ ಗುಣನ ಬ್ಯಾರೆ, ನಿಮ್ಮದ ಬ್ಯಾರೆ ಇರಬೌದು. ಅದನ್ನ ನೋಡಾಕ ಕಳಸತೇವಿ."

ಪರಪ್ಪನ ಕಿವಿಗೆ ಮೊದಲ ಮಾತುಗಳು ಬೀಳಲೇ ಇಲ್ಲ. ತಮ್ಮನ ಹುಟ್ಟು ಬೇರೆ, ತನ್ನ ಹುಟ್ಟು ಬೇರೆ ಎಂಬುದಷ್ಟೇ ಬಿದ್ದಿತು. ಒಂದೇ ಹೊಟ್ಟೆಯ ಮಕ್ಕಳ ರಕ್ತ ಒಂದೇ ಎಂದು ಅವನು ಮಾತ್ರವಲ್ಲ, ಆ ಕೋಣೆಯಲ್ಲಿದ್ದ ಅಷ್ಟೂ ಜನ ತಿಳಿದಿದ್ದರು. ಬೇರೆ ಎಂದರೆ ಲಕ್ಕವ್ವನ ನಡತೆಯ ಮೇಲೆ ಕೈ ಇಟ್ಟಂತೆ.

"ನಮ್ಮವ್ವನ ಮ್ಯಾಲ ಮಾತಾಡತೀಯೇನು?"

ಅವನು ಒಂಟಿ ಕಾಲಲ್ಲೇ ಎದ್ದು ನಳಿಗೆಗಳ ಸ್ಟ್ಯಾಂಡನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಗಾಜು ಚೂರಾಯಿತು. ಇಬ್ಬರ ರಕ್ತವೂ ಫರಸಿಯ ಮೇಲೆ ಕೂಡಿ ಒಂದೇ ಕಲೆಯಾಗಿ ಹರಿಯಿತು.

"ನೋಡು, ತೋರಸು. ಯಾವದು ನಂದು, ಯಾವದು ಅವಂದು?"

ಅವನು ಡಾಕ್ಟರಬಾಯಿಯ ಕೋಟಿಗೆ ಕೈ ಹಾಕಿದ. ಗುರುಲಿಂಗಪ್ಪ ನಡುವೆ ಬಂದ. ಪರಪ್ಪ ಅವನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದ. ಅಣ್ಣತಮ್ಮಂದಿರಿಬ್ಬರೂ ಬಸವಣ್ಣನ ಫೋಟೋದ ಟೇಬಲ್ಲಿನ ಮೇಲೆ ಬಿದ್ದರು, ಟೇಬಲ್ಲು ಮುರಿಯಿತು. ಗುರುಲಿಂಗಪ್ಪನ ಕಣ್ಣು ಕತ್ತಲೆಗಟ್ಟಿದವು. ತಡಕಾಡಿದ ಬಲಗೈಗೆ ಊದಿನಕಡ್ಡಿಯ ಕಟ್ಟು ಸಿಕ್ಕಿತು. ಅವನು ಅದನ್ನು ಅಣ್ಣನ ಮುಖಕ್ಕೆ ಒತ್ತಬಹುದಿತ್ತು. ಒತ್ತಲಿಲ್ಲ. ಮೈ ತಿರುಚಿ ಕೈ ಚಾಚಿ ಅಣ್ಣನ ಅಂಗಾಲಿಗೆ ಊರಿದ, ಒತ್ತಿ ಹಿಡಿದ.

ಸುಟ್ಟ ತೊಗಲಿನ ವಾಸನೆ ಕೋಣೆಯ ತುಂಬ ಹರಡಿತು. ಪರಪ್ಪ ತಮ್ಮನ ಕುತ್ತಿಗೆ ಹಿಚುಕುವುದರಲ್ಲೇ ಇದ್ದ. ಅವನಿಗೆ ಏನೂ ಆಗುತ್ತಿರಲಿಲ್ಲ.

"ಯಾರದೋ ಸುಡಾಕತ್ತೈತಿ," ಎಂದ ಅವನೇ, ಮೂಗು ಅರಳಿಸಿ.

"ನಿಂದ," ಎಂದ ಗುರುಲಿಂಗಪ್ಪ, ಸಿಕ್ಕಷ್ಟು ಉಸಿರಿನಲ್ಲಿ. "ತಿರುಗಿ ನೋಡು."

ಪರಪ್ಪ ತಿರುಗಿ ನೋಡಿದ. ತನ್ನ ಕಾಲಿನಿಂದ ಹೊಗೆ ಏಳುತ್ತಿತ್ತು. ಅವನ ಕೈ ಸಡಿಲವಾದವು. ಗುಡಿಯ ಮುಂದಿನ ಕುಣಿಯಲ್ಲಿ ಎದೆಗೆ ಕೈ ಕಟ್ಟಿ ನಿಂತ ಆ ಮುಖ ಈಗ ಮಗುವಿನದರ ಹಾಗೆ ತೆರೆದುಕೊಂಡಿತು. ಅವನು ಮಾಲಿಂಗಪ್ಪನ ಕಡೆ ನೋಡಿದ. ಮಾಲಿಂಗಪ್ಪ ಕೋಲಿನ ತುದಿ ನೋಡುತ್ತಿದ್ದ.

ಒಂಬತ್ತು ವರ್ಷ ಕಾದ ಗಳಿಗೆ ಬಂದಿತ್ತು. ಗುರುಲಿಂಗಪ್ಪ ಎದ್ದು ಕುಳಿತು, ಈಗ ಹೇಳ್ರಿ ಎಂದು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಬಾಯಿ ಅವನನ್ನು ಪಕ್ಕಕ್ಕೆ ತಳ್ಳಿ ಪರಪ್ಪನ ಪಾದವನ್ನು ಎತ್ತಿ ಹಿಡಿದಳು.

"ಏನ ಮಾಡಿದ್ರಿ ಇದು? ಇಂಥಾ ಕಾಲಿಗಿ ಆದ ಗಾಯ ಲಗೂ ಮಾಯೂದಿಲ್ಲ. ಆ ಕಾಲು ಹ್ಯಾಂಗ ಹೋತಂತ ಗೊತ್ತೈತಲ್ಲ? ಇದೊಂದ ಉಳದೈತಿ."

ಗುರುಲಿಂಗಪ್ಪ ಕೈಯಲ್ಲಿ ಉಳಿದಿದ್ದ ಊದಿನಕಡ್ಡಿಗಳನ್ನು ನೆಲಕ್ಕೆ ಉಜ್ಜಿ ನಂದಿಸಿದ.

ಅವನು ಆ ದಿನ ಹುಕ್ಕೇರಿಗೆ ಹೋಗಲಿಲ್ಲ. ಟೆಂಪೋದಲ್ಲಿ ಅಣ್ಣನ ಬಾಜೂ ಕುಳಿತು ತೋಟಪಟ್ಟಿಗೆ ಬಂದ. ಅಂಚಿನಲ್ಲಿ ಮತ್ತೆ ಕಲ್ಲು ಹಿಡಿದವರಿಗೆ ಕಾಡವ್ವ ಹೇಳಿದಳು.

"ಒಗೀರಿ. ಕಾಲು ತೊಳ್ಯಾಕ ಬಂದಾನ. ಇಂವಗ ಹತ್ತಿದ್ರ ನೀವು ಬಂದು ತೊಳೀರಿ."

"ನಾ ಮಾಡಿದ ಗಾಯ ವೈನಿ," ಎಂದ ಗುರುಲಿಂಗಪ್ಪ. "ನಾನ ಮಾ‌ಯಿಸತೇನಿ."

ಡಾಕ್ಟರಬಾಯಿ ಹೇಳಿದಂತೆ ದಿನಾಲೂ ತೊಳೆದ, ಔಷಧ ಹಚ್ಚಿದ, ಹೊಸ ಪಟ್ಟಿ ಸುತ್ತಿದ. ಕಾಲು ನೆಲಕ್ಕೆ ಊರಗೊಡಲಿಲ್ಲ. ಬೆಲ್ಲದ ಡಬ್ಬಿಯನ್ನು ಕಣ್ಣೆದುರೇ ಹಳ್ಳಕ್ಕೆ ಎಸೆದ. ಪರಪ್ಪ ಮೊಂಡುಗಾಲಿನಿಂದ ಅವನ ಎದೆಗೆ ಒದ್ದ. ಕೀವು ಕಂಡ ದಿನ ಇವನು ಊಟ ಮಾಡಲಿಲ್ಲ, ಅವನು ದಿನವಿಡೀ ಬೈದ. ಪರಪ್ಪನ ಬೈಗುಳದಲ್ಲಿ ಹೊಸದು ಒಂದು ಸೇರಿತ್ತು. ತಾಯಿಯ ಮೇಲೆ ಮಾತು ತಂದ ಡಾಕ್ಟರಬಾಯಿಯ ಮನೆಯ ಗುಲಾಮ ಎನ್ನುತ್ತಿದ್ದ.

ಒಮ್ಮೆ ಗುರುಲಿಂಗಪ್ಪ ಪಟ್ಟಿ ಬಿಚ್ಚುತ್ತ ಹೇಳಿದ.

"ಯಣ್ಣಾ, ನಮ್ಮ ಕೆಂದಾಕಳಾ ಎರಡು ಹೋರಿಗರು ಹಾಕಿತ್ತು, ನೆನಪೈತೇನು? ಎರಡು ಸಲನೂ ಒಂದ ಹೋರಿಗಿ ಬಿಟ್ಟಿದ್ದೆವು. ಒಂದರ ಗೊರಸು ಕಲ್ಲು, ಒಂದರ ಗೊರಸು ಬೆಣ್ಣಿ. ಆಕಳಾ ಬ್ಯಾರೆ ಕಡೆ ಹೋಗಿತ್ತೇನು?"

ಪರಪ್ಪ ಕಾಲು ಎಳೆದುಕೊಳ್ಳಲು ನೋಡಿದ. ಗುರುಲಿಂಗಪ್ಪ ಹಿಡಿದದ್ದನ್ನು ಬಿಡಲಿಲ್ಲ.

"ಅಪ್ಪಗ ಕಾಲು ಕೊಳೀತು. ಅವ್ವಗೂ ಅದ ಬ್ಯಾನಿ, ಸಾಯೂತನಕ ಬರಿಗಾಲಲೆ ತಿರಗ್ಯಾಡಿದ್ಲು. ಅಪ್ಪನ ಹಣಿ, ಅಪ್ಪನ ಮುಷ್ಟಿ ನಿನ್ನ ಪಾಲಿಗಿ ಬಂದ್ವು. ಅವ್ವಂದು ನನ್ನ ಪಾಲಿಗಿ ಬಂತು. ನೀ ಕೇಳಿ ತಗೊಂಡಿಲ್ಲ. ನಾ ಕಸಗೊಂಡಿಲ್ಲ."

ಪರಪ್ಪ ಮಾಡಿನ ಜಂತಿ ನೋಡುತ್ತ, "ಚೀಟಿ ಯಾಂವ ಎತ್ತಿದ?" ಎಂದ.

"ಯಾರೂ ಎತ್ತಿಲ್ಲ."

"ಹಂಗಂದ್ರ ಯಾವನ ಕೈ ಮುರೀಬೇಕಿತ್ತು ನಾ?"

ಗುರುಲಿಂಗಪ್ಪ ಪಟ್ಟಿ ಸುತ್ತಿ ಗಂಟು ಹಾಕಿದ. ಒಂದೂವರೆ ಕೈಯಲ್ಲಿ ಗಂಟು ಹಾಕುವಾಗ ಒಂದು ತುದಿಯನ್ನು ಹಲ್ಲಲ್ಲಿ ಹಿಡಿಯಬೇಕಾಗುತ್ತಿತ್ತು. ಪರಪ್ಪ ಬಗ್ಗಿ ಆ ತುದಿಯನ್ನು ಹಿಡಿದುಕೊಟ್ಟ.

ಗಾಯ ಅಂಚಿನಿಂದ ಕೆಂಪಗೆ ಕೂಡಿಬರುವ ಹೊತ್ತಿಗೆ ಅಗ್ಗಿಯ ಅಮಾವಾಸ್ಯೆ ಬಂತು. ತೊಂಬತ್ತೈದರ ಮರುವರ್ಷದಿಂದ ಕುಣಿಯ ಮೊದಲ ಕೊರಡಿಗೆ ಪರಪ್ಪನೇ ಬೆಂಕಿ ಕೊಡುವುದು ರೂಢಿಯಾಗಿತ್ತು. ಮಾಲಿಂಗಪ್ಪ ಮುಂದಾಗಿ ಹಿರಿಯರು ಕರೆಯಲು ಬಂದರು. ಮೂಡಲಗಿಯಲ್ಲಿ ಕಂಡದ್ದನ್ನು ಮಾಲಿಂಗಪ್ಪನೂ ಜೊತೆಗೆ ಬಂದಿದ್ದವರೂ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅಂಗಳ ತುಂಬ ಜನರಿದ್ದರು.

ಪರಪ್ಪ ಹೊರಸಿನ ಮೇಲಿಂದಲೇ ಬಗಲಗೋಲು ಎತ್ತಿ ಎಸೆದ. ಅದು ಮಾಲಿಂಗಪ್ಪನ ಮೊಣಕಾಲಿಗೆ ಬಡಿಯಿತು. ಮುದುಕ ನಿಂತಲ್ಲೇ ಕುಸಿದು ಕೂತ.

"ನನ್ನ ಕಾಲು ಸತ್ತು ಹೋಗಿತ್ತು ಕಾಕಾ. ಸತ್ತ ಕಾಲಿನ ಮಾತು ನಂಬಿ ನೀ ನನ್ನ ಕೈಯಾಗ ಬಡಗಿ ಕೊಟ್ಟಿ. ಈ ಮನಿಯಾಗ ಉರಿ ತಿಳದಾಂವ ಇಂವ ಒಬ್ಬನ. ನನ್ನ ಕಬ್ಬು ಇಂವ ಸುಟ್ಟಿಲ್ಲ. ಕೇಳಿಸ್ತೇನು? ಈಗ ನೀ ಅನ್ನು. ಇಷ್ಟು ಮಂದಿ ಮುಂದ ಅನ್ನು, ಇಲ್ಲಂದ್ರ ಇನ್ನೊಂದು ಕೋಲು ಅಲ್ಲೈತಿ."

ಮಾಲಿಂಗಪ್ಪ ಮೊಣಕಾಲು ತಿಕ್ಕಿಕೊಂಡ. ಜನರನ್ನು ನೋಡಿದ, ಕಾಡವ್ವನ ತುಟಿಯ ಹಳೆಯ ಗೆರೆಯನ್ನು ನೋಡಿದ.

"ಸುಟ್ಟಿಲ್ಲ," ಎಂದ. "ಗುರುಲಿಂಗ ಸುಟ್ಟಿಲ್ಲ."

ಗುರುಲಿಂಗಪ್ಪ ಆಗ ಕಾಲು ತೊಳೆಯುವ ಬೋಗುಣಿಗೆ ಬಿಸಿನೀರು ಸುರಿಯುತ್ತಿದ್ದ. ತಿರುಗಿ ನೋಡಲಿಲ್ಲ. ಅಣ್ಣನ ಕಾಲಿಗೆ ಬಿಸಿ ತಿಳಿಯದಾದ್ದರಿಂದ ದಿನಾಲೂ ಮಾಡುವಂತೆ ಮೊದಲು ತನ್ನ ಪಾದವನ್ನು ನೀರಿಗೆ ಇಳಿಬಿಟ್ಟ.

"ಇನ್ನೂ ಸುಡತೈತಿ ವೈನಿ," ಎಂದ. "ತಣ್ಣೀರು ತರ್ರಿ."